ಹುಣಸೆತೋಪಿನ ಜೋಡಿ ಬದಲಿ

ಮೋಟಾರು ಆಫೀಸಿಗೆ ಹೊಸದಾಗಿ ಸೇರಿದ ತರುಣರು ಈಚೆಗೆ ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವ ಡ್ರೈವರು ಯಾವ ಊರಿನಲ್ಲಿ ಮಲಗಬೇಕು ಎಂದು ಗೊತ್ತುಮಾಡುವುದು ಅವರ ಕೆಲಸ. ಬಸ್ಸು ಸಾಲದು, ಆಳು ಸಾಲದು, ಬೈಗುಳ ಮಾತ್ರ ಧಾರಾಳ ಎಂದು ಗೋಳಾಡುತ್ತಾರೆ. ಅವರ ಪಾಡು ನೋಡಿ ನನಗೆ ನಗು ಬರುತ್ತದೆ. ನಾನೂ ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ನನ್ನ ಬಸ್ಸುಗಳು ಹುಲ್ಲು ತಿನ್ನುತ್ತಿದ್ದವು, ಅಷ್ಟೇ ವ್ಯತ್ಯಾಸ.

ಆಗ ಮೈಸೂರಿನಿಂದ ಬಂದ ರೈಲು ನಂಜನಗೂಡಿಗೆ ನಿಂತುಬಿಡುತ್ತಿತ್ತು. ಅಲ್ಲಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವವರಿಗೆ ನಮ್ಮ ಕಂಪೆನಿಯ ಕಮಾನು ಗಾಡಿಗಳೇ ಗತಿ. ಬಿದಿರಿನ ಕಮಾನು, ಅದರ ಮೇಲೆ ಚಾಪೆ, ಒಳಗೆ ಮೆತ್ತಗೆ ಹುಲ್ಲು ಹಾಸಿ ಮೇಲೊಂದು ಜಮಖಾನ. ಹತ್ತಿದ ಸ್ವಲ್ಪ ಹೊತ್ತಿಗೆ ಎಂಥವರಿಗೂ ತೂಕಡಿಕೆ. ಅಮಲ್ದಾರರು ತೂಕಡಿಸುತ್ತಿದ್ದರು, ಅವರ ಜವಾನ ತೂಕಡಿಸುತ್ತಿದ್ದ, ಗಾಡಿ ಹೊಡೆಯುವವನೂ ತೂಕಡಿಸುತ್ತಿದ್ದ. ಕಬಿನಿ ಒಮ್ಮೆ ರಸ್ತೆಯ ಹತ್ತಿರಕ್ಕೆ ಬರುತ್ತಿತ್ತು, ಒಮ್ಮೆ ಗದ್ದೆಗಳಾಚೆ ಮರೆಯಾಗುತ್ತಿತ್ತು. ಎತ್ತುಗಳ ಕೊರಳ ಗಂಟೆ ಕೇಳುತ್ತ ಹೋದರೆ ದಾರಿ ಸವೆಯುತ್ತಿದೆಯೋ ನಾವೇ ಕರಗುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ಈಗಲೂ ಮಧ್ಯಾಹ್ನ ಊಟವಾಗಿ ಒರಗಿದರೆ ನನಗೆ ಮೊದಲು ಕೇಳಿಸುವುದು ಆ ಗಂಟೆಯೇ.

ನಾನು ಗಾಡಿಗಳನ್ನು ಗೊತ್ತುಮಾಡುತ್ತಿದ್ದದ್ದು ನರಸೀಪುರದ ಆಫೀಸಿನ ನೆಲದ ಮೇಲೆ. ಸುಣ್ಣದಲ್ಲಿ ಉದ್ದಕ್ಕೊಂದು ಗೆರೆ. ಒಂದು ತುದಿ ನಂಜನಗೂಡು, ಇನ್ನೊಂದು ನರಸೀಪುರ. ಕವಡೆ ಎಂದರೆ ಗಾಡಿ, ಹುಣಸೆಬೀಜ ಎಂದರೆ ಎತ್ತಿನ ಜೋಡಿ, ಗುಲಗಂಜಿ ಎಂದರೆ ಆಳು. ನೋಡಿದವರು ಈ ಗುಮಾಸ್ತರು ಹಗಲೆಲ್ಲ ಆಟ ಆಡುತ್ತಾರೆ ಎಂದುಕೊಳ್ಳುತ್ತಿದ್ದರು. ಮನೆಯಲ್ಲಿ ನನ್ನ ಹೆಂಡತಿಯೂ ಹಾಗೆಯೇ ತಿಳಿದಿದ್ದಳು, ಪಗಡೆ ಹಾಸನ್ನು ಬಚ್ಚಿಡುತ್ತಿದ್ದಳು. ಆದರೆ ಆ ಗೆರೆಯ ಮೇಲೆ ಗುಲಗಂಜಿ ಇಟ್ಟ ಜಾಗದಲ್ಲಿ ಅವತ್ತು ಒಬ್ಬ ಮನುಷ್ಯ ಮಲಗಬೇಕು. ಮನೆಯಲ್ಲಿ ಹೆಂಡತಿ ಮಕ್ಕಳು ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ. ಇದನ್ನು ನನಗೆ ತಿಳಿಸಿಕೊಟ್ಟವನು ಸಿದ್ದೇಗೌಡ.

ಸಿದ್ದೇಗೌಡ ಹೆಮ್ಮಿಗೆಯವನು. ಮನೆ ಭಾಗವಾದಾಗ ಅವನೇ ಕರುವಿನಿಂದ ಸಾಕಿದ ಜೋಡಿ ಅಣ್ಣನ ಪಾಲಿಗೆ ಹೋಯಿತು. ಅಣ್ಣ ಅದನ್ನು ನಮ್ಮ ಕಂಪೆನಿಗೆ ಮಾರಿದ. ಜೋಡಿಯನ್ನು ನರಸೀಪುರದ ನಮ್ಮ ಕೊಟ್ಟಿಗೆಗೆ ಕಟ್ಟಿದ ದಿನವೇ ಸಿದ್ದೇಗೌಡ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

"ಏನಪ್ಪಾ ಬೇಕು?" ಅಂದೆ.

"ನನ್ಗೇನೂ ಬ್ಯಾಡ ಬುದ್ದಿ. ಇವು ಇಲ್ಲಿ ಅವಲ್ಲ, ನಾನೂ ಇಲ್ಲೇ ಇರ್ತೀನಿ."

ಆಳು ಬೇಕಾಗಿತ್ತು, ಇಟ್ಟುಕೊಂಡೆವು. ಅವನು ಸಂಬಳ ಎಷ್ಟು ಎಂದು ಕೇಳಿದ್ದು ಆಮೇಲೆ ಯಾವಾಗಲೋ. ಎತ್ತುಗಳ ಹೆಸರು ಮಾಸ, ಕೆಂದ. ಮಾಸ ಬೂದು ಬಣ್ಣದ್ದು, ಅದನ್ನು ಎಡಗಡೆ ಕಟ್ಟುತ್ತಿದ್ದ. ಕೆಂದ ಬಲಗಡೆ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಹೆಂಡತಿಯೊಂದಿಗೆ ಸಂಸಾರ ಹೂಡಿದ.

ಆಗಿನ ಕ್ರಮ ಸುಲಭ. ಒಬ್ಬ ಆಳು, ಒಂದು ಜೋಡಿ, ಒಂದು ಗಾಡಿ. ಈ ತುದಿಯಿಂದ ಹೊರಟು ನಡುದಾರಿಯ ಹುಣಸೆತೋಪಿನಲ್ಲಿ ಎತ್ತು ಬಿಚ್ಚಿ, ನೀರು ಕುಡಿಸಿ, ಮೇವು ಹಾಕಿ, ಅವು ಮೆಲುಕು ಹಾಕುವವರೆಗೆ ಕಾದು, ಮತ್ತೆ ಕಟ್ಟಿ ಆ ತುದಿ ಸೇರುವುದು. ಮಾರನೆಯ ದಿನ ವಾಪಸು. ಪ್ರಯಾಣಿಕರು ತೋಪಿನಲ್ಲಿ ಬುತ್ತಿ ಬಿಚ್ಚಿ, ಎಲೆ ಅಡಿಕೆ ಹಾಕಿ, ಸಂಬಂಧ ಕುದುರಿಸಿ, ಜಗಳವಾಡಿ, ಮತ್ತೆ ರಾಜಿಯಾಗಿ ಹೊರಡುವಷ್ಟು ಹೊತ್ತು. ನನಗಂತೂ ಅದು ಬಹಳ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ನಂಜನಗೂಡಿನಲ್ಲಿ ರೈಲು ಹೊರಟುಹೋಗಿರುತ್ತಿತ್ತು.

ಇದನ್ನು ಸರಿಪಡಿಸಲೆಂದೇ ಮಾಲೀಕರು ಮೈಸೂರಿನಿಂದ ಮ್ಯಾನೇಜರ್ ಶೇಷಗಿರಿರಾಯರನ್ನು ಕಳುಹಿಸಿದರು. ರಾಯರು ಕೆಟ್ಟವರಲ್ಲ. ಜೇಬಿನಲ್ಲಿ ಗಡಿಯಾರ, ಎದೆಯೊಳಗೆ ಇನ್ನೊಂದು ಗಡಿಯಾರ. ಗಾಡಿಯಲ್ಲಿ ಕೂತರೆ ಬೆನ್ನು ನೆಟ್ಟಗೆ, ಕಣ್ಣು ರಸ್ತೆಯ ಮೇಲೆ. ಆ ದಾರಿಯಲ್ಲಿ ನಿದ್ದೆ ಮಾಡದ ಏಕೈಕ ಪ್ರಯಾಣಿಕರು ಎಂದು ಅವರಿಗೆ ಹೆಸರೇ ಬಿದ್ದಿತು.

ಬಂದವರು ಮೊದಲು ಕೈಹಾಕಿದ್ದು ಸೋಮವಾರಕ್ಕೆ. ಸೋಮವಾರ ನಂಜುಂಡೇಶ್ವರನ ವಾರ. ನಮ್ಮ ಸೀಮೆಯಲ್ಲಿ ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ದೇವರ ದರ್ಶನಕ್ಕೆ ಜನ ಮುಗಿಬೀಳುವುದೂ ಅವತ್ತೇ. "ಜನ ಹೆಚ್ಚಿರುವ ದಿನ ಗಾಡಿ ನಿಲ್ಲಿಸುವ ಕಂಪೆನಿ ಪ್ರಪಂಚದಲ್ಲಿ ಇದೊಂದೇ ಇರಬೇಕು" ಎಂದು ರಾಯರು ಎಲ್ಲರೂ ಬರಬೇಕೆಂದು ಹುಕುಂ ಮಾಡಿದರು. ಎಲ್ಲರೂ ಬಂದರು. ಎತ್ತುಗಳಿಗೆ ಮೈ ತೊಳೆದು ವಿಭೂತಿ ಬಳಿದು ಹೊಡೆದುಕೊಂಡು ಬಂದರು. ಬಂದು ಸಾಲಾಗಿ ನಿಂತರು.

"ಕಟ್ಟಿ" ಎಂದರು ರಾಯರು.

"ಕಟ್ಟಿ ಬುದ್ದಿ, ನಾವ್ಯಾಕ್ ಬ್ಯಾಡ ಅನ್ನವು" ಎಂದ ಕಳಲೆಯ ನಂಜಯ್ಯ. ನಂಜನಗೂಡಿನ ಕಡೆಯ ಆಳುಗಳಲ್ಲಿ ಅವನೇ ಹಿರಿಯ. ಎಲ್ಲರೂ ತಲೆಯಾಡಿಸಿದರು. ಒಬ್ಬನೂ ನೊಗಕ್ಕೆ ಕೈಹಾಕಲಿಲ್ಲ. ರಾಯರು ಪಂಚೆ ಎತ್ತಿಕಟ್ಟಿ ತಾವೇ ನೊಗ ಎತ್ತಿದರು. ಎತ್ತು ಅವರ ಶಲ್ಯವನ್ನು ಒಂದು ಸಲ ಮೂಸಿ ಪಕ್ಕಕ್ಕೆ ಸರಿಯಿತು. ಇನ್ನೊಂದು ಸಲ ಎತ್ತಿದರು, ಇನ್ನಷ್ಟು ಸರಿಯಿತು. ಯಾರೂ ನಗಲಿಲ್ಲ, ಅದೇ ದೊಡ್ಡ ಅವಮಾನ. ಮುಂದಿನ ಸೋಮವಾರದಿಂದ ಬಾಡಿಗೆಗೆ ಕುದುರೆ ಜಟಕಾ ತರಿಸಿದೆವು. ಕುದುರೆಗೆ ಸೋಮವಾರದ ಹಂಗಿಲ್ಲವಲ್ಲ.

ರಾಯರ ಎರಡನೆಯ ಯೋಜನೆ ಮಾತ್ರ ಜಾಣತನದ್ದು. ಅದನ್ನು ಕೇಳಿದಾಗ ನನಗೇ ಹೊಟ್ಟೆಕಿಚ್ಚಾಯಿತು. ಎರಡು ತುದಿಗಳಿಂದಲೂ ಗಾಡಿಗಳು ಹೊರಡಲಿ. ತೋಪಿನಲ್ಲಿ ಎದುರಾಗಲಿ. ಅಲ್ಲಿ ಎತ್ತುಗಳನ್ನಷ್ಟೇ ಬದಲಿಸಲಿ. ನಂಜನಗೂಡಿನ ಕಡೆಯ ಎತ್ತು ತೋಪಿನವರೆಗೆ ಬಂದು ತನ್ನ ಕಡೆಗೇ ತಿರುಗಲಿ, ನರಸೀಪುರದ್ದು ನರಸೀಪುರಕ್ಕೆ. ಗಾಡಿಯೂ ಅದನ್ನು ಹೊಡೆಯುವ ಆಳೂ ಮುಂದುವರಿಯಲಿ. ಮೇವಿಗೆ ಕಾಯುವುದಿಲ್ಲ, ರೈಲು ತಪ್ಪುವುದಿಲ್ಲ. ನಾನು ನೆಲದ ಮೇಲೆ ನಡೆಸಿ ನೋಡಿದೆ. ಹುಣಸೆಬೀಜಗಳು ಸಂಜೆಗೆ ತಮ್ಮ ತಮ್ಮ ತುದಿಯಲ್ಲಿ ಚೊಕ್ಕವಾಗಿ ಕೂತವು. ಗುಲಗಂಜಿಗಳು ಮಾತ್ರ ಅದಲುಬದಲಾದವು. ಅದೇನು ಮೊದಲಿನಿಂದಲೂ ಇದ್ದದ್ದೇ ಎಂದುಕೊಂಡೆ.

ಹೊಸ ಕ್ರಮದ ಸುದ್ದಿ ಹಬ್ಬಿದ ಸಂಜೆ ಸಿದ್ದೇಗೌಡ ನನ್ನನ್ನು ಕೊಟ್ಟಿಗೆಗೆ ಕರೆದ. ಮಾಸ ಗೊಂತಿನಲ್ಲಿ ಹುಲ್ಲು ಮೇಯುತ್ತಿತ್ತು. ಸಿದ್ದೇಗೌಡ ಅದರ ಕಣ್ಣಿನ ಮುಂದೆ ಅಂಗೈ ಬೀಸಿದ. ರೆಪ್ಪೆ ಅಲುಗಲಿಲ್ಲ. ನಾನೂ ಬೀಸಿದೆ. ದೊಡ್ಡ ಕಪ್ಪು ಕಣ್ಣು, ಹೊರಗಿನಿಂದ ಒಂದು ಕುಂದೂ ಇಲ್ಲ, ಒಳಗೆ ಬೆಳಕಿಲ್ಲ.

"ಎರಡೂನಾ?"

"ಊ ಬುದ್ದಿ. ಮೊದ್ಲು ಒಂದು ಓಯ್ತು, ಆಮೇಕೆ ಇನ್ನೊಂದೂ ಓಯ್ತು. ಪಕ್ಕದಾಗೆ ಕೆಂದನ ಎಗಲು ತಾಕ್ತಾ ಇರಬೇಕು, ಇಂದ್ಗಡೆಯಿಂದ ನನ್ನ ಮಾತು ಕೇಳ್ತಾ ಇರಬೇಕು. ಅಷ್ಟಿದ್ರೆ ನಡೀತದೆ. ಬ್ಯಾರೆಯೋರ ಕೈಗೆ ಕೊಟ್ರೆ ನಿಂತ್ಬುಡ್ತದೆ."

ಕೆಲಸಕ್ಕೆ ಬಾರದ ಎತ್ತನ್ನು ಮುಂದಿನ ಸಂತೆಗೆ ಮಾರಿಬಿಡಬೇಕು ಎಂಬುದು ಕಂಪೆನಿಯ ನಿಯಮ. ಕಣ್ಣಿಲ್ಲದ ಎತ್ತನ್ನು ಸಂತೆಯಲ್ಲಿ ಕೊಳ್ಳುವವರು ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಉಳುವವರು ಕೊಳ್ಳುವುದಿಲ್ಲ, ಚರ್ಮದವರು ಕೊಳ್ಳುತ್ತಾರೆ. ಹೊಸ ಕ್ರಮದಲ್ಲಿ ತೋಪಿನಿಂದ ನರಸೀಪುರಕ್ಕೆ ಮಾಸನನ್ನು ಹೊಡೆಯುವವನು ನಂಜನಗೂಡಿನಿಂದ ಬಂದ ಆಳು. ಸಿದ್ದೇಗೌಡ ಆ ಹೊತ್ತಿಗೆ ಬೇರೆ ಜೋಡಿಯ ಹಿಂದೆ ನಂಜನಗೂಡಿನ ದಾರಿಯಲ್ಲಿರುತ್ತಾನೆ.

"ರಾಯರಿಗೆ ನಿಜ ಹೇಳೋಣವಾ?" ಎಂದೆ.

"ಏಳಿದ್ರೆ ಸಂತೆಗೆ ಅಟ್ತಾರೆ. ಏಳ್ದಿದ್ರೆ ದಾರಿಯಾಗೆ ನಿಂತ್ಕತದೆ. ನೀವೇ ಏನಾರ ಮಾಡಿ ಬುದ್ದಿ. ಆ ಗೆರೆ ಮ್ಯಾಲೆ ಏನೇನೋ ಆಡಿಸ್ತೀರಲ್ಲ."

ತೋಪಿನಲ್ಲಿ ಮಾಸ-ಕೆಂದ ಯಾವಾಗಲೂ ನಂಜಯ್ಯನ ಕೈಗೇ ಬರುವಂತೆ ಕಾಯಿ ನಡೆಸಿದೆ, ಅಷ್ಟೇ. ನಂಜಯ್ಯ ಬಾಯಿಬಡುಕನಲ್ಲ.

ಮೊದಲ ದಿನ ಸಿದ್ದೇಗೌಡ ತೋಪಿನಲ್ಲಿ ಹಗ್ಗವನ್ನು ನಂಜಯ್ಯನ ಕೈಗೆ ಕೊಟ್ಟು, "ಮಾತಾಡ್ತಾ ಇರು ಕಣಣ್ಣ, ಸುಮ್ಕಿರ್ಬ್ಯಾಡ" ಎಂದನಂತೆ. ನಂಜಯ್ಯ ಮಾತಾಡಿದ, ಪದ ಹೇಳಿದ, ಕೊನೆಗೆ ತನ್ನ ಅತ್ತೆಮನೆಯ ಕಥೆಯನ್ನೆಲ್ಲ ಹೇಳಿದ. ಮಾಸ ಒಂದು ಹೆಜ್ಜೆ ಇಡುವುದು, ಕಿವಿ ನಿಮಿರಿಸುವುದು, ನಿಲ್ಲುವುದು. ಪರಕೀಯ ದನಿ. ಆ ಗಾಡಿ ದೀಪ ಹಚ್ಚುವ ಹೊತ್ತಿಗೆ ನರಸೀಪುರ ಸೇರಿತು. ನಂಜಯ್ಯ ನನ್ನ ಮುಖ ನೋಡಿ, "ನಾನೇನೂ ಕಂಡಿಲ್ಲ ಬುದ್ದಿ, ನನ್ನನ್ನೇನೂ ಕೇಳ್ಬ್ಯಾಡಿ" ಎಂದು ಮಲಗಲು ಹೋದ.

ಅತ್ತ ಸಿದ್ದೇಗೌಡನ ಪಾಡು ಇನ್ನೊಂದು ಬಗೆ. ನಂಜನಗೂಡಿನಲ್ಲಿ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ರೈಲಿನಿಂದಿಳಿದ ಒಬ್ಬ ಜೋಡಿದಾರರು, ಎಂದರೆ ಜೋಡಿ ಗ್ರಾಮದ ಒಡೆಯರು, ಅವರ ಹೆಂಡತಿ, ತೊಟ್ಟಿಲು, ಬೆಳ್ಳಿ ಬಟ್ಟಲು ಸಮೇತ ಗಾಡಿ ಹತ್ತಿದರು. ನರಸೀಪುರದಲ್ಲಿ ಮೊಮ್ಮಗುವಿನ ನಾಮಕರಣ. ಕಟ್ಟಿದ್ದು ನಂಜಯ್ಯನ ಜೋಡಿ. ಊರು ದಾಟುವ ಮುನ್ನವೇ ಸಿದ್ದೇಗೌಡ ಕಣ್ಣು ಮುಚ್ಚಿದ. ನಮ್ಮವರೆಲ್ಲ ಹಾಗೆಯೇ, ಎತ್ತಿಗೆ ದಾರಿ ಗೊತ್ತಿದೆಯಲ್ಲ ಎಂಬ ಧೈರ್ಯ. ನಂಜಯ್ಯನ ಎತ್ತುಗಳಿಗೂ ದಾರಿ ಚೆನ್ನಾಗಿಯೇ ಗೊತ್ತಿತ್ತು. ಹೊಡೆಯುವವನ ಸದ್ದಿಲ್ಲದ್ದು ನೋಡಿ ಅವು ಹಾಯಾಗಿ ಕಳಲೆಯ ಕಡೆ ತಿರುಗಿದವು. ಕಮಾನಿನೊಳಗೆ ಜೋಡಿದಾರರ ಕುಟುಂಬವೂ ನಿದ್ದೆ. ಗಾಡಿ ನಿಂತಾಗ ಎಲ್ಲರೂ ಕಣ್ಣು ಬಿಟ್ಟರು. ಎದುರಿಗೆ ನಂಜಯ್ಯನ ಹಟ್ಟಿ. ನಂಜಯ್ಯನ ಹೆಂಡತಿ ಕಲಗಚ್ಚಿನ ಬಾನಿ ಹೊತ್ತು ಹೊರಗೆ ಬಂದು, ಗಂಡನ ಜಾಗದಲ್ಲಿ ಯಾರೋ ಕೂತದ್ದು ಕಂಡು, "ನಮ್ಮೆಜಮಾನ್ರೆಲ್ಲಿ?" ಎಂದಳಂತೆ.

"ನಮ್ಮೂರಾಗವ್ರೆ ಕಣಕ್ಕ" ಎಂದನಂತೆ ಸಿದ್ದೇಗೌಡ, ಕಣ್ಣುಜ್ಜಿಕೊಳ್ಳುತ್ತ.

ನಾಮಕರಣದ ಮುಹೂರ್ತ ಮೀರಿತು. ಜೋಡಿದಾರರು ಮಾಲೀಕರಿಗೇ ದೂರು ಹೇಳಿದರು. ರಾಯರು ಆಫೀಸಿಗೆ ಬಂದು, "ಗಾಡಿಗಳು ಹೊತ್ತಿಗೆ ಸರಿಯಾಗಿ ಯಾಕೆ ಬರುತ್ತಿಲ್ಲ ಎಂದು ನಾನೇ ನೋಡುತ್ತೇನೆ. ಬರುವ ವಾರ ತೋಪಿಗೆ ಬರುತ್ತೇನೆ, ಒಂದೊಂದು ಜೋಡಿಯನ್ನೂ ಬೇರೆ ಬೇರೆಯವರ ಕೈಯಲ್ಲಿ ನಡೆಸಿ ನೋಡುತ್ತೇನೆ. ನಡೆಯದ ಎತ್ತು ಸಂತೆಗೆ" ಎಂದರು. ಸಿದ್ದೇಗೌಡ ಅಲ್ಲಿಯೇ ಬಾಗಿಲಲ್ಲಿ ನಿಂತು ಕೇಳಿದ. ಕೇಳಿ ಕೊಟ್ಟಿಗೆಗೆ ಹೋದ.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಗೆರೆಯ ಮುಂದೆ ಕೂತು ಕೂತು ಮಂಡಿ ಹಿಡಿದುಕೊಂಡಿತು. ಹುಣಸೆಬೀಜ ಸರಿಹೋದರೆ ಗುಲಗಂಜಿ ಕೆಡುತ್ತಿತ್ತು. ಎರಡೂ ಸರಿಹೋದರೆ ರೈಲು ತಪ್ಪುತ್ತಿತ್ತು. ಕೊನೆಗೆ ಬೇಸತ್ತು, ದಾರಿಯಲ್ಲೇ ಕೂತು ನೋಡೋಣವೆಂದು ನರಸೀಪುರದಿಂದ ಹೊರಟ ಸಿದ್ದೇಗೌಡನ ಗಾಡಿ ಹತ್ತಿದೆ.

ಮಂಜು ಇನ್ನೂ ಹೊಳೆಯ ಮೇಲೆಯೇ ಇತ್ತು. ಸಿದ್ದೇಗೌಡ ಮೂಕಿಯ ಮೇಲೆ ಕೂತು ಮೆಲ್ಲಗೆ ಮಾತಾಡುತ್ತಿದ್ದ. ನನ್ನೊಂದಿಗಲ್ಲ. "ಈಗ ಏರು ಬತ್ತದೆ ಕಣಪ್ಪ, ವಸಿ ಬಗ್ಗು. ಆ, ಅಂಗೆ. ಎಡಕ್ಕೆ ಮೋರಿ ಐತೆ, ಕೆಂದನ್ ಕಡೆಗ್ ಬಾ. ಇಲ್ಲಿ ಮರಳು, ಮೆತ್ತಗಾಯ್ತದೆ, ಎದ್ರುಕೋಬ್ಯಾಡ. ಬಾಳೆ ತೋಟದ ವಾಸ್ನೆ ಬಂತಾ? ಇನ್ನು ದಾರಿ ನೆಟ್ಟಗೆ." ದಾರಿಯನ್ನೆಲ್ಲ ಆ ಎತ್ತಿಗೆ ಮಾತಿನಲ್ಲಿ ಹಾಸಿಕೊಡುತ್ತಿದ್ದ. ಕೇಳುತ್ತ ಕೇಳುತ್ತ ನನ್ನ ಕಣ್ಣು ಎಳೆಯಿತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಸುಣ್ಣದ ಗೆರೆ ಹೊಳೆಯ ಹಾಗೆ ಅಗಲವಾಯಿತು. ಎರಡು ಕವಡೆ ತೇಲಿಬಂದು ನಡುವೆ ಒಂದನ್ನೊಂದು ದಾಟಿಹೋದವು. ಅವುಗಳ ಮೇಲಿದ್ದ ಬೀಜ, ಗುಲಗಂಜಿ ಎರಡೂ ಇಳಿದು, ಕೈಕೈ ಹಿಡಿದ ಹಾಗೆ, ಬಂದ ಕಡೆಗೇ ತಿರುಗಿ ನಡೆದವು. ಎಷ್ಟು ಸಲೀಸಾಗಿ ನಡೆದವೆಂದರೆ ನನಗೆ ಕನಸಿನಲ್ಲೇ ಅಳು ಬಂತು.

ಎಚ್ಚರವಾದಾಗ ತೋಪು ಬಂದಿತ್ತು. ನಂಜಯ್ಯನ ಗಾಡಿ ಎದುರಿಗೆ ನಿಂತಿತ್ತು.

"ಸಿದ್ದೇಗೌಡ, ನೀನೂ ಇಳಿ" ಎಂದೆ.

"ನಾನ್ಯಾಕ್ ಬುದ್ದಿ ಇಳೀಲಿ? ಎತ್ತು ತಾನೇ ಬದ್ಲಾಗೋದು?"

"ಎತ್ತಿನ ಜೊತೆ ನೀನೂ ಬದಲಾಗು. ನಿನ್ನ ಜೋಡಿಯನ್ನು ನಂಜಯ್ಯನ ಗಾಡಿಗೆ ಕಟ್ಟಿಕೊಂಡು ವಾಪಸು ನರಸೀಪುರಕ್ಕೆ ಹೋಗು. ನಂಜಯ್ಯ ಇವನ ಗಾಡಿಗೆ ತನ್ನ ಜೋಡಿ ಕಟ್ಟಿಕೊಂಡು ನಂಜನಗೂಡಿಗೆ ಹೋಗಲಿ. ಜನ ಕೂತಲ್ಲೇ ಕೂತಿರಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಹುಟ್ಟಿದಂದಿನಿಂದ ಗಾಡಿ ಎಂದರೆ ಜನರನ್ನು ಹತ್ತಿಸಿಕೊಂಡವನೇ ಊರು ಸೇರಿಸಬೇಕು. ಜನರನ್ನು ನಡುದಾರಿಯಲ್ಲಿ ಇನ್ನೊಬ್ಬನಿಗೆ ಒಪ್ಪಿಸುವುದು ಮಾತು ತಪ್ಪಿದ ಹಾಗೆ. ನಂಜಯ್ಯ ಮೀಸೆ ತಿರುವಿ, "ಅಂಗಾರೆ ಸಂಜೀಕೆ ಮನೇಲಿ ಉಣ್ಬೋದು ಅನ್ನಿ" ಎಂದ. ಅವನಿಗೆ ನನಗಿಂತ ಬೇಗ ಅರ್ಥವಾಗಿತ್ತು.

ರಾಯರು ಬರುವ ದಿನ ಬಂತು. ನಾನು ನಂಜನಗೂಡಿಗೇ ಹೋಗಿ ಅವರೆದುರು ಗೆರೆ ಎಳೆದು ಕವಡೆ ಆಡಿಸಿ ತೋರಿಸಿದೆ. ಅವರು ಬಗ್ಗಿ ನೋಡಿದರು. "ಎದುರಿನ ಗಾಡಿ ತಡವಾದರೆ?" ಎಂದರು. ಮುಂಚೆ ಬಂದವರು ಗಂಟೆಯ ಸದ್ದು ಕೇಳುವವರೆಗೆ ಕಾಯುತ್ತಾರೆ ಎಂದೆ. "ಸಾಮಾನು ಕಳೆದರೆ ಯಾವನ ಜವಾಬ್ದಾರಿ?" ಎಂದರು. ತೋಪಿನಲ್ಲಿ ಇಬ್ಬರೂ ಎಣಿಸಿ ಒಪ್ಪಿಸಿಕೊಳ್ಳುತ್ತಾರೆ ಎಂದೆ. ಅವರು ಗಡಿಯಾರ ತೆಗೆದು, "ಹಾಗಾದರೆ ಕೂತೇ ನೋಡುತ್ತೇನೆ" ಎಂದು ನಂಜಯ್ಯನ ಗಾಡಿ ಹತ್ತಿದರು. ನನ್ನನ್ನೂ ಹತ್ತಿಸಿಕೊಂಡರು.

ತೋಪಿನಲ್ಲಿ ಬದಲಿ ಎಷ್ಟು ಬೇಗ ಆಯಿತೆಂದರೆ ಅವರು ಕಾಲು ನೀಡಿ ಮಡಿಸುವಷ್ಟರಲ್ಲಿ ಮಾಸ, ಕೆಂದ ನೊಗದ ಕೆಳಗಿದ್ದವು. ಸಿದ್ದೇಗೌಡ ಮೂಕಿ ಹತ್ತಿ ಕೂತ. ದನಿ ಎಂದಿನಂತೆಯೇ ಇತ್ತು. "ಬಾರಪ್ಪ, ಮನೆಗೋಗವ. ಇಳಿಜಾರು ಐತೆ, ನಿದಾನ. ಬಲಕ್ಕೆ ಆಲದ ನೆರಳು, ತಂಪಾಯ್ತಾ?" ರಾಯರು ಮೊದಲು ಇದೇನು ಹರಟೆ ಎಂಬಂತೆ ನನ್ನ ಕಡೆ ನೋಡಿದರು. ಆಮೇಲೆ ಕೇಳಿಸಿಕೊಂಡರು. ಆಮೇಲೆ ಅವರ ಬೆನ್ನು ಕಮಾನಿಗೆ ಒರಗಿತು. ಗಡಿಯಾರ ಹಿಡಿದ ಕೈ ಮಡಿಲಿಗೆ ಇಳಿಯಿತು. ನರಸೀಪುರದವರೆಗೂ ರಾಯರು ಗೊರಕೆ ಹೊಡೆದರು.

ಗಾಡಿ ಹೊತ್ತಿಗೆ ಮುಂಚೆಯೇ ಸೇರಿತು. ರಾಯರು ಇಳಿದು ಮುಖ ಒರೆಸಿಕೊಂಡು ಎತ್ತುಗಳ ಮುಂದೆ ನಿಂತರು. ಬಿಸಿಲು ನೇರವಾಗಿ ಮಾಸನ ಕಣ್ಣಿಗೆ ಬೀಳುತ್ತಿತ್ತು. ಅದು ಕಣ್ಣು ಕಿರಿದು ಮಾಡಲಿಲ್ಲ. ರಾಯರು ಬೆರಳು ತಂದರು, ಇನ್ನೂ ಹತ್ತಿರ ತಂದರು. ಸಿದ್ದೇಗೌಡ ನೊಗದ ಕಣ್ಣಿ ಬಿಚ್ಚುವುದನ್ನು ನಿಲ್ಲಿಸಿ ಹಾಗೆಯೇ ನಿಂತ.

"ಏನಯ್ಯ," ಎಂದರು ರಾಯರು ನನ್ನ ಕಡೆ ತಿರುಗಿ, "ನಿನ್ನ ಈ ಕ್ರಮದಲ್ಲಿ ಈ ಜೋಡಿ ಯಾವತ್ತಾದರೂ ಬೇರೆಯವರ ಕೈಗೆ ಹೋಗುವುದುಂಟೋ?"

"ಇಲ್ಲ ಸ್ವಾಮಿ."

"ಹಾಗಾದರೆ ಇದನ್ನೇ ಖಾಯಂ ಮಾಡು." ಅಷ್ಟು ಹೇಳಿ ಛತ್ರದ ಕಡೆ ಹೊರಟರು. ಸಿದ್ದೇಗೌಡ ಮಾಸನ ಕೊರಳಿಗೆ ಹಣೆ ಆನಿಸಿ ಬಹಳ ಹೊತ್ತು ತಲೆ ಎತ್ತಲಿಲ್ಲ.

ಆ ಕ್ರಮ ವರ್ಷಾನುಗಟ್ಟಲೆ ನಡೆಯಿತು. ಎಲ್ಲರೂ ಸಂಜೆಗೆ ಮನೆ ಸೇರುತ್ತಿದ್ದರು. ಆಮೇಲೆ ಮೋಟಾರು ಬಂತು. ಮೊದಲ ಬಸ್ಸು ತೋಪಿನಲ್ಲಿ ನಿಲ್ಲದೆ ಧೂಳೆಬ್ಬಿಸಿ ಹೋದ ವರ್ಷವೇ ಕಂಪೆನಿ ಗಾಡಿ, ಎತ್ತು ಎಲ್ಲವನ್ನೂ ಮಾರಿತು. ತಾಂಡವಪುರದ ರೈತನೊಬ್ಬ ಕೆಂದನನ್ನು ಕೊಂಡ. ವಯಸ್ಸಾಗಿದ್ದರೂ ಗಟ್ಟಿ ಎತ್ತು, ಕಣ್ಣು ಚುರುಕು. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಸಿದ್ದೇಗೌಡನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮಾಸನನ್ನು ರಾಯರು ಲೆಕ್ಕಕ್ಕೇ ಸೇರಿಸಲಿಲ್ಲ. "ಅದು ಅವನದ್ದೇ, ಕೊಟ್ಟುಬಿಡು" ಎಂದು ಹೇಳಿ ಕಳುಹಿಸಿದ್ದರು. ನಾನು ಖುಷಿಯಿಂದ ಓಡಿಹೋಗಿ ಹೇಳಿದೆ. ಮಾಸ ಉಳಿಯಿತಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಕೆಂದನ ಗಂಟೆ ಸದ್ದು ರಸ್ತೆಯ ತಿರುವಿನಾಚೆ ಅಡಗುವವರೆಗೆ ಮಾಸ ಕಿವಿ ನಿಮಿರಿಸಿ ನಿಂತಿತ್ತು. ಸಿದ್ದೇಗೌಡನ ಹೆಂಡತಿ ಪಾತ್ರೆಪಗಡಿಯ ಗಂಟು ಹೊತ್ತು ಮುಂದೆ ನಡೆದಳು. ಅವನು ಹಗ್ಗ ಹಿಡಿದು, "ನಡಿಯಪ್ಪ, ಎಮ್ಮಿಗೇಗ್ ಓಗವ" ಎಂದ. ಮಾಸ ಕದಲಲಿಲ್ಲ. ದನಿ ಅದೇ, ಹಗ್ಗ ಅದೇ. ಬಲಗಡೆಗೆ ಒಂದು ಸಲ ಒರಗಿ ನೋಡಿತು, ಅಲ್ಲಿ ಏನೂ ತಾಗಲಿಲ್ಲ. ಇನ್ನೊಂದು ಸಲ ಒರಗಿತು. ಸಿದ್ದೇಗೌಡ ಎಳೆಯಲಿಲ್ಲ, ಬೈಯಲಿಲ್ಲ. ಹೆಗಲ ಮೇಲಿದ್ದ ಕಂಬಳಿಯನ್ನು ನನ್ನ ಕೈಗೆ ಕೊಟ್ಟು ಬಲಗಡೆಗೆ ಬಂದ. ಸೊಂಟ ಬಗ್ಗಿಸಿ, ಕೆಂದ ಇರುತ್ತಿದ್ದ ಜಾಗದಲ್ಲಿ ನಿಂತು, ತನ್ನ ಹೆಗಲನ್ನು ಮಾಸನ ಹೆಗಲಿಗೆ ಆನಿಸಿದ.

ಆಗ ಅದು ಕಾಲೆತ್ತಿತು. ಇಬ್ಬರೂ ಹಾಗೆಯೇ ನಡೆದುಹೋದರು. ಕಂಬಳಿ ನನ್ನ ಕೈಯಲ್ಲೇ ಉಳಿದಿತ್ತು. ಕರೆದು ಕೊಡೋಣವೆಂದರೆ, ಬೇರೆ ದನಿ ಕೇಳಿ ಮಾಸ ಎಲ್ಲಿ ಮತ್ತೆ ನಿಂತೀತೋ ಎಂದು ಹಾಗೆಯೇ ಹಿಡಿದುಕೊಂಡೆ.